ನಿಂತ ಕಾರಿನ ಇಲಿ

ಬ್ಯಾಟರಿ ತಾನಾಗಿ ಸಾಯುವುದಿಲ್ಲ, ಯಾರೋ ಅದನ್ನು ಕೊಲ್ಲುತ್ತಾರೆ. ಅಂಗಡಿಗೆ ಬರುವ ಪ್ರತಿಯೊಬ್ಬ ಗಿರಾಕಿಗೂ ನಾನು ಮೊದಲು ಹೇಳುವ ಮಾತು ಇದು. ಹೇಳಿ, ಕೈ ಒರೆಸಿಕೊಂಡು, ಪೊಲೀಸರ ಗತ್ತಿನಲ್ಲಿ ಬಾನೆಟ್ ಎತ್ತುತ್ತೇನೆ. ಒಬ್ಬರು ಡಿಕ್ಕಿಯ ಬಾಗಿಲು ಸರಿಯಾಗಿ ಹಾಕದೆ ಒಳಗಿನ ದೀಪ ಉರಿಯಲು ಬಿಟ್ಟಿರುತ್ತಾರೆ. ಇನ್ನೊಬ್ಬರು ಮೈದುನನ ಕೈಯಲ್ಲಿ ಅಗ್ಗದ ಸ್ಟೀರಿಯೋ ಹಾಕಿಸಿರುತ್ತಾರೆ, ಅದು ಕಾರು ನಿಂತ ಮೇಲೂ ಸದ್ದಿಲ್ಲದೆ ಕರೆಂಟು ಕುಡಿಯುತ್ತಿರುತ್ತದೆ. ಕೊಲೆಗಾರ ಸಿಕ್ಕ ಮೇಲೆ ಗಿರಾಕಿಯ ಮುಖ ಚಿಕ್ಕದಾಗುತ್ತದೆ, ನನ್ನದು ದೊಡ್ಡದಾಗುತ್ತದೆ. ಈ ಕಸುಬಿನಲ್ಲಿ ನನಗೆ ತುಂಬ ಇಷ್ಟವಾದ ಭಾಗ ಅದೇ.

ಹೀಗೆ ಮೆರೆಯುತ್ತಿದ್ದ ನನಗೆ ನೀರು ಕುಡಿಸಿದ್ದು ಅತ್ತೆಯ ಕಾರು.

ಅತ್ತೆ ಎಂದರೆ ಅಪ್ಪನ ಅಕ್ಕ. ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ಸ್ಕೂಲ್ ಎಂದರೆ ಮನೆಯ ಮುಂದಿನ ಕೋಣೆ, ಗೋಡೆಗೆ ಅಂಟಿಸಿದ ರಸ್ತೆ ಚಿಹ್ನೆಗಳ ಹಾಳೆ, ಒಂದು ಹಳದಿ ಕಾರು ಮತ್ತು ಅತ್ತೆಯ ಬಾಯಿ. ಇವುಗಳಲ್ಲಿ ಕೊನೆಯದಕ್ಕೆ ಮಾತ್ರ ಯಾವತ್ತೂ ರಿಪೇರಿ ಬೇಕಾಗಿಲ್ಲ. ಕಲಿಯುವವರ ಪಕ್ಕದ ಸೀಟಿನಲ್ಲಿ ಅವಳು ಕೂರುತ್ತಾಳೆ, ಅವಳ ಕಾಲಡಿಯಲ್ಲೂ ಒಂದು ಕ್ಲಚ್, ಒಂದು ಬ್ರೇಕ್ ಇವೆ. "ಕಾಲು ನಿಮ್ದೋ, ಬಾಡಿಗೆಗೆ ತಂದಿದ್ದೋ?" ಎಂದು ಅವಳು ಕೂಗಿದರೆ ಪಕ್ಕದ ಬೀದಿಯಲ್ಲಿ ನಡೆದುಹೋಗುವವರೂ ತಮ್ಮ ಕಾಲು ನೋಡಿಕೊಳ್ಳುತ್ತಾರೆ. ಊರಿನ ಅರ್ಧ ಜನ ಅವಳ ಬಾಯಲ್ಲಿ ಬೈಸಿಕೊಂಡೇ ಲೈಸೆನ್ಸ್ ಪಡೆದವರು.

ಇಂಥವಳ ಗಂಡನಿಗೆ ಕಾರು ಓಡಿಸಲು ಬರುವುದಿಲ್ಲ. ಮಾವ ಲೈಬ್ರರಿಯಲ್ಲಿ ಗುಮಾಸ್ತರಾಗಿದ್ದವರು. ಜೀವಮಾನವಿಡೀ ಪಿಸುಗುಟ್ಟಿ ಪಿಸುಗುಟ್ಟಿ, ನಿವೃತ್ತರಾದ ಮೇಲೂ ಅವರಿಗೆ ಧ್ವನಿ ಏರಿಸುವುದು ಮರೆತೇ ಹೋಗಿದೆ. ಮದುವೆಯಾದ ಹೊಸದರಲ್ಲಿ ಅತ್ತೆ ಅವರಿಗೆ ಕಲಿಸಲು ಹೊರಟಿದ್ದಳಂತೆ. ಮೊದಲ ಪಾಠದಲ್ಲಿ, ಮನೆಯ ಗೇಟು ದಾಟುವ ಮೊದಲೇ ಮಾವ ದಿಢೀರನೆ ಕ್ಲಚ್ ಬಿಟ್ಟರು, ಕಾರು ನೆಗೆಯಿತು, ಗೇಟಿನ ಕಲ್ಲುಕಂಬ ವಾಲಿತು. ಕಂಬ ಇವತ್ತಿಗೂ ವಾಲಿಕೊಂಡೇ ಇದೆ. ಅತ್ತೆ ಅದನ್ನು ನೆಟ್ಟಗೆ ಮಾಡಿಸಲಿಲ್ಲ, ಹಳದಿ ಬಣ್ಣ ಬಳಿಸಿ ಪಾಠಕ್ಕೆ ಇಟ್ಟುಕೊಂಡಳು. ಹೊಸದಾಗಿ ಸೇರಿದವರನ್ನೆಲ್ಲ ಅದರ ಮುಂದೆ ನಿಲ್ಲಿಸಿ, "ನೋಡ್ಕೊಳ್ಳಿ, ಕ್ಲಚ್ ಅವಸರದಲ್ಲಿ ಬಿಟ್ರೆ ಹೀಗಾಗುತ್ತೆ. ಇದು ನಮ್ಮ ಯಜಮಾನ್ರ ಕೈಚಳಕ" ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ. ಮೆಟ್ಟಿಲ ಮೇಲೆ ಕುಳಿತು ಪೇಪರ್ ಓದುವ ಮಾವನೂ ನಗುತ್ತಾರೆ. ಹೆಂಡತಿಯ ಬಾಯಿಗೆ ಸಿಕ್ಕ ಗಂಡ ಮತ್ತೇನು ತಾನೇ ಮಾಡಿಯಾನು?

ಕೆಲವು ವಾರಗಳಿಂದ ಈ ಹಳದಿ ಕಾರು ಮೊಂಡುತನ ಶುರುಮಾಡಿತ್ತು. ಬೆಳಿಗ್ಗೆ ಪಾಠಕ್ಕೆ ಹೋಗಿ ಬರುತ್ತಿತ್ತು, ಮಧ್ಯಾಹ್ನ ಶೆಡ್ಡಿನಲ್ಲಿ ನಿಲ್ಲುತ್ತಿತ್ತು, ಸಂಜೆ ಕೀ ತಿರುಗಿಸಿದರೆ ಟಕ್ ಟಕ್ ಎಂದು ಹಲ್ಲು ಕಡಿದು ಸುಮ್ಮನಾಗುತ್ತಿತ್ತು. ನಾನು ಹೊಸ ಬ್ಯಾಟರಿ ಹಾಕಿದೆ. ಹೊಸದೂ ಮಲಗಿತು. ಬ್ಯಾಟರಿಯನ್ನು ತುಂಬಿಸುವ ಆಲ್ಟರ್ನೇಟರನ್ನು ಬಿಚ್ಚಿ ಪರೀಕ್ಷೆ ಮಾಡಿದೆ. ಅದು ನನಗಿಂತ ಗಟ್ಟಿಮುಟ್ಟಾಗಿತ್ತು. ಕೊನೆಗೆ, "ಕಲಿಯೋರು ಹೆಜ್ಜೆಗೊಂದ್ಸಲ ಇಂಜಿನ್ ಆಫ್ ಮಾಡ್ತಾರೆ, ಪ್ರತಿ ಸಲ ಸ್ಟಾರ್ಟ್ ಮಾಡೋಕೆ ಬ್ಯಾಟರಿ ಖರ್ಚಾಗುತ್ತೆ. ತಪ್ಪು ನಿನ್ನ ವಿದ್ಯಾರ್ಥಿಗಳದ್ದು" ಎಂದು ತೀರ್ಪು ಕೊಟ್ಟು ಕೈತೊಳೆದುಕೊಂಡೆ. ಆ ವಿದ್ಯಾರ್ಥಿಗಳಲ್ಲಿ ಟೈಲರಮ್ಮ ಎಂಬಾಕೆ ಅದನ್ನು ಮನಸ್ಸಿಗೆ ಹಚ್ಚಿಕೊಂಡು ಬಿಟ್ಟರು. ಹೊಲಿಗೆ ಮಿಷನ್ ತುಳಿದ ಅಭ್ಯಾಸಕ್ಕೆ ಅವರು ಆಕ್ಸಿಲರೇಟರನ್ನೂ ಟಪಟಪ ತುಳಿಯುತ್ತಿದ್ದರು, ಕಾರು ಜಿಗಿದು ಜಿಗಿದು ಆಫ್ ಆಗುತ್ತಿತ್ತು. ಟೆಸ್ಟಿನ ದಿನವೂ ಮೈದಾನದ ನಟ್ಟನಡುವೆ ಆಫ್ ಮಾಡಿದರು. ಕಾರು ಮತ್ತೆ ಏಳಲಿಲ್ಲ.

ಅಂಥದ್ದು ಎರಡು ಸಲ ಆಯಿತು. ಎರಡನೆಯ ಸಲ ಟೆಸ್ಟ್ ತೆಗೆದುಕೊಳ್ಳುವ ಸಾಹೇಬರು ಪೆನ್ನಿನ ಮುಚ್ಚಳ ಹಾಕಿ, "ಮೇಡಂ, ಇನ್ನೊಂದ್ಸಲ ಈ ಗಾಡಿ ನನ್ನ ಮೈದಾನದಲ್ಲಿ ಮಲಗಿದ್ರೆ ನಿಮ್ಮ ಸ್ಕೂಲ್ ಪರವಾನಗಿ ರದ್ದು ಮಾಡ್ತೀನಿ. ಆಮೇಲೆ ನನ್ನನ್ನ ಬೈಕೋಬೇಡಿ" ಎಂದರು. ಈ ಸಾಹೇಬರೂ ಅತ್ತೆಯ ಹತ್ತಿರವೇ ಕಲಿತವರು. ಬಹುಶಃ ಹಳೆಯ ಬೈಗುಳಗಳು ನೆನಪಿದ್ದವು.

ಅತ್ತೆಗೆ ಇದರ ಜೊತೆ ಮಂಡಿಯ ಕಾಟ ಬೇರೆ. ವರ್ಷಗಟ್ಟಲೆ ಕಲಿಯುವವರ ಪರವಾಗಿ ತಾನೇ ಬ್ರೇಕ್ ತುಳಿದೂ ತುಳಿದೂ ಅವಳ ಮಂಡಿ ಸವೆದಿತ್ತು. ಆಪರೇಷನ್ ಆಗಲೇಬೇಕು, ಆಮೇಲೆ ಕೆಲವು ವಾರ ಕಾಲು ಮಡಚಬಾರದು ಎಂದು ಡಾಕ್ಟರು ಹೇಳಿದ್ದರು. ಅತ್ತೆ ಬೇಡವೆಂದು ಹಠ ಹಿಡಿದಿದ್ದಳು.

"ಆಪರೇಷನ್ ಆದ್ಮೇಲೆ ಮನೆಗೆ ಹೇಗೆ ಬರ್ಲಿ? ನಾನೇ ಓಡಿಸ್ಕೊಂಡು ಬರೋಕಾಗುತ್ತಾ?"

"ಟ್ಯಾಕ್ಸಿ ಇದೆಯಲ್ಲ ಅತ್ತೆ" ಎಂದಿದ್ದೆ.

"ಟ್ಯಾಕ್ಸಿನಾ! ಅವರಿಗೆಲ್ಲ ಕಲಿಸಿದ್ದು ನಾನು. ಹೇಗೆ ಓಡಿಸ್ತಾರೆ ಅಂತ ನನಗೆ ಗೊತ್ತಿಲ್ವಾ? ಆ ಕಾರಲ್ಲಿ ಕೂತ್ರೆ ಇನ್ನೊಂದು ಮಂಡೀನೂ ಹೋಗುತ್ತೆ."

ಮಾವ ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿ ಮುಖ ಮುಚ್ಚಿಕೊಂಡರು. ಆಪರೇಷನ್ ಮಾತು ಅಲ್ಲಿಗೇ ನಿಂತಿತು.

ಮೂರನೆಯ ಟೆಸ್ಟಿನ ಹಿಂದಿನ ದಿನ ನಾನು ಅಂಗಡಿಗೆ ಬೀಗ ಹಾಕಿ, ಸಾಮಾನೆಲ್ಲ ಹೊತ್ತುಕೊಂಡು ಅತ್ತೆಯ ಮನೆಗೆ ಹೋದೆ. ಬೆಳಗಿನ ಪಾಠ ಮುಗಿಸಿ ಕಾರು ಶೆಡ್ಡಿಗೆ ಬಂದಿತ್ತು. ಮರುದಿನ ಕಾರು ಎದ್ದರೆ ಸ್ಕೂಲ್ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಅತ್ತೆ ಬಾಗಿಲಲ್ಲೇ ಕಾದಿದ್ದಳು.

"ಇವತ್ತು ಕಂಡುಹಿಡೀದಿದ್ರೆ ನಿನ್ನ ಅಂಗಡೀನೂ ಮುಚ್ಚು. ಇಬ್ರೂ ಸೇರಿ ಮನೇಲಿ ತರಕಾರಿ ಹೆಚ್ಚೋಣ."

"ಕಂಡುಹಿಡೀತೀನಿ ಅತ್ತೆ."

"ಹೋದ್ಸಲಾನೂ ಅದನ್ನೇ ಹೇಳಿದ್ದೆ."

ನಾನು ಮೊದಲು ಅಂಗಡಿಯಿಂದ ತಂದಿದ್ದ, ಪೂರ್ತಿ ಚಾರ್ಜ್ ಆದ ಬ್ಯಾಟರಿ ಕೂರಿಸಿದೆ. ಅದರ ನೆಗೆಟಿವ್ ಕೇಬಲ್ಲನ್ನು ಬಿಚ್ಚಿ, ಕೇಬಲ್ಲಿಗೂ ಬ್ಯಾಟರಿಗೂ ನಡುವೆ ಮೀಟರ್ ಸೇರಿಸಿದೆ. ಹೀಗೆ ಮಾಡಿದರೆ ನಿಂತ ಕಾರು ಎಷ್ಟು ಕರೆಂಟು ಕದಿಯುತ್ತಿದೆ ಎಂಬುದು ಕಾಣುತ್ತದೆ. ಬಾಗಿಲು ತೆರೆದಿರುವವರೆಗೂ ಕಾರು ಎಚ್ಚರವಾಗಿರುತ್ತದೆ. ಅದಕ್ಕೆ ಬಾಗಿಲಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ, ಬಾಗಿಲು ಹಾಕಿದೆ ಎಂದು ಕಾರಿಗೆ ಸುಳ್ಳು ಹೇಳಿ, ಮಗುವನ್ನು ಮಲಗಿಸಿದ ಹಾಗೆ ಸದ್ದು ಮಾಡದೆ ಕಾಯಬೇಕು. ಮಾವ ಟಾರ್ಚ್ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಸದ್ದು ಮಾಡದೆ ನಿಲ್ಲುವುದರಲ್ಲಿ ಅವರನ್ನು ಮೀರಿಸಿದವರಿಲ್ಲ.

"ಇಲಿ ಇರಬೇಕಮ್ಮ" ಎಂದು ಪಿಸುಗುಟ್ಟಿದರು. "ವೈರು ಕಡಿದಿರುತ್ತೆ."

"ವೈರೆಲ್ಲ ನೋಡಿದ್ದೀನಿ ಮಾವ. ಸರಿಯಾಗಿದೆ."

"ಜಾಣ ಇಲಿ ಇರಬೇಕು."

ಅವರು ತಮಾಷೆಗೆ ಹೇಳುತ್ತಿರಲಿಲ್ಲ. ಶೆಡ್ಡಿನ ಮೂಲೆಯಲ್ಲಿ ತಾವೇ ತಂದ ಇಲಿಬೋನು ಇಟ್ಟು, ಅದರೊಳಗೆ ಬ್ರೆಡ್ಡಿನ ತುಂಡು ಸಿಕ್ಕಿಸಿದ್ದರು. ಇಲಿ ಇನ್ನೂ ಬಿದ್ದಿರಲಿಲ್ಲ, ಬ್ರೆಡ್ಡು ಮಾತ್ರ ದಿನಾ ಹೊಸದಾಗುತ್ತಿತ್ತು. ಕರೆಂಟಿನ ವಿಷಯದಲ್ಲಿ ಮಾವ ಮಹಾ ಜುಗ್ಗ. ಯಾರಾದರೂ ಕೋಣೆಯಿಂದ ಹೊರಗೆ ಕಾಲಿಟ್ಟರೆ ಸಾಕು, ಹಿಂದೆಯೇ ಬಂದು ಫ್ಯಾನು, ದೀಪ ಆರಿಸುತ್ತಾರೆ. ಅಂಥವರ ಮನೆಯಲ್ಲೇ ಕರೆಂಟು ಕಳುವಾಗುತ್ತಿರುವುದು ಅವರಿಗೆ ಬಹಳ ನೋವು ಕೊಟ್ಟಿತ್ತು.

ಕಾರು ಮಲಗಿತು. ಮೀಟರಿನಲ್ಲಿ ಗಡಿಯಾರ ನಡೆಯಲು ಬೇಕಾಗುವಷ್ಟು, ಒಂದು ಗುಟುಕು ಕರೆಂಟು ಮಾತ್ರ ಕಾಣಿಸಿತು. ಆರೋಗ್ಯವಂತ ಕಾರು ಕುಡಿಯುವುದೇ ಅಷ್ಟು. ಆದರೂ ಬಿಡಲಿಲ್ಲ, ಒಂದೊಂದೇ ಫ್ಯೂಸ್ ಕಿತ್ತು ನೋಡಿದೆ. ಯಾವುದನ್ನು ಕಿತ್ತರೂ ಮೀಟರ್ ಮಿಸುಕಲಿಲ್ಲ. ಕಳ್ಳನಿಲ್ಲದ ಮನೆಗೆ ನಾನು ಪೊಲೀಸಾಗಿ ಬಂದಿದ್ದೆ. ಅಡುಗೆಮನೆಯ ಕಿಟಕಿಯಿಂದ ಅತ್ತೆ, "ಏನಾಯ್ತೇ?" ಎಂದಾಗಲೆಲ್ಲ, "ಹತ್ತಿರ ಬಂದಿದ್ದೀನಿ" ಎನ್ನುತ್ತಿದ್ದೆ. ಎಲ್ಲಿಗೆ ಹತ್ತಿರ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಉಳಿದದ್ದು ಒಂದೇ ಒಂದು ಅನುಮಾನ. ಡ್ಯಾಶ್‌ಬೋರ್ಡಿನ ಗೂಡಿನೊಳಗೆ ಒಂದು ಪುಟ್ಟ ಬಲ್ಬು ಇರುತ್ತದೆ. ಮುಚ್ಚಳ ತೆರೆದರೆ ಹತ್ತಬೇಕು, ಮುಚ್ಚಿದರೆ ಆರಬೇಕು. ಮೀಟರಿನ ಮುಂದೆ ಸಾಧುವಾಗಿದ್ದು, ಬಿಸಿಲೇರಿದ ಮೇಲೆ ಸ್ವಿಚ್ಚು ಅಂಟಿಕೊಂಡು ಉರಿಯುತ್ತಲೇ ಇರುವ ಬಲ್ಬುಗಳನ್ನು ನಾನು ಕಂಡಿದ್ದೇನೆ. ಮುಚ್ಚಿದ ಗೂಡಿನೊಳಗೆ ದೀಪ ಆರಿದೆಯೋ ಇಲ್ಲವೋ ಎಂದು ನೋಡಲು ಒಂದೇ ದಾರಿ, ಫೋನಿನಲ್ಲಿ ವಿಡಿಯೋ ಹಾಕಿ ಒಳಗಿಟ್ಟು ಮುಚ್ಚುವುದು. ಇಷ್ಟು ದೊಡ್ಡ ಮೆಕ್ಯಾನಿಕ್ ಕೊನೆಗೆ ಗೂಡಿನ ಬಲ್ಬಿಗೆ ಇಳಿದಳಲ್ಲ ಎಂದು ಅತ್ತೆ ಆಡಿಕೊಂಡಾಳೆಂಬ ಭಯಕ್ಕೆ ಯಾರಿಗೂ ಹೇಳದೆ ಇಟ್ಟೆ. ಮೀಟರ್ ತೆಗೆದು, ಕೇಬಲ್ ಬಿಗಿದು, ಕಾರಿನ ಬಾಗಿಲು ಹಾಕಿ, ಕೀಯನ್ನು ಎಂದಿನಂತೆ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದೆ.

ಊಟವಾಯಿತು. ಅತ್ತೆ ಮಂಡಿಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು, "ನೋವೇನಿಲ್ಲ, ಸುಮ್ನೆ ಬೆಚ್ಚಗಿರುತ್ತೆ" ಎನ್ನುತ್ತ ಮಲಗಿ, ಆ ಮಾತು ಮುಗಿಯುವ ಮೊದಲೇ ಗೊರಕೆ ಹೊಡೆದಳು. ಮಾವ ಇಲಿಬೋನಿಗೆ ಬ್ರೆಡ್ಡು ಬದಲಾಯಿಸಿ ಬರುತ್ತೇನೆಂದು ಎದ್ದರು. ಎದ್ದವರು ಕೋಣೆಯ ಫ್ಯಾನು ಆರಿಸಿದರು, ನಾನಿನ್ನೂ ಒಳಗೇ ಇದ್ದೇನೆ ಎಂದಾಗ ಮತ್ತೆ ಹಾಕಿದರು. ನಾನು ಸೋಫಾದ ಮೇಲೆ ಸ್ವಲ್ಪ ಕಣ್ಣು ಮುಚ್ಚಿದೆ.

ಕಣ್ಣು ಬಿಡುವಾಗ ಟೈಲರಮ್ಮ ಬಂದಿದ್ದರು. ಕುತ್ತಿಗೆಗೆ ಅಳತೆಯ ಟೇಪು ಹಾಗೇ ಇತ್ತು, ಕೊನೆಯ ಪಾಠಕ್ಕೆಂದು ಕೆಲಸ ಬಿಟ್ಟು ಓಡಿಬಂದಿದ್ದರು. ಅತ್ತೆ ಕುಂಟುತ್ತ ಶೆಡ್ಡಿಗೆ ಹೋಗಿ ಕೀ ತಿರುಗಿಸಿದಳು.

ಟಕ್ ಟಕ್.

ಬೆಳಿಗ್ಗೆ ನಾನೇ ಕೂರಿಸಿದ ತುಂಬಿದ ಬ್ಯಾಟರಿ. ಟೈಲರಮ್ಮ ಗಾಬರಿಯಿಂದ, "ನಾನಿನ್ನೂ ಮುಟ್ಟೇ ಇಲ್ಲ!" ಎಂದರು. ಅತ್ತೆ ಸ್ಟೀರಿಂಗಿನ ಮೇಲೆ ಕೈಯಿಟ್ಟು ಕುಳಿತೇ ಇದ್ದಳು. ಬೈಯುತ್ತಾಳೆಂದು ನಾನು ತಯಾರಾಗಿ ನಿಂತಿದ್ದೆ. ಅವಳು ಬೈಯಲಿಲ್ಲ.

"ಮುಗೀತು ಬಿಡು" ಎಂದಳು. "ನಾಳೆ ಸಾಹೇಬ್ರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ, ಸ್ಕೂಲ್ ಮುಚ್ಚಿದೆ ಅಂತ. ಅವರ ಬಾಯಲ್ಲಿ ಹೇಳಿಸ್ಕೊಳ್ಳೋದಕ್ಕಿಂತ ಅದು ವಾಸಿ."

ಅತ್ತೆ ಬೈಯದಿದ್ದರೆ ನನಗೆ ಕೈಕಾಲು ಆಡುವುದಿಲ್ಲ. ಆಗ ಫೋನಿನ ನೆನಪಾಯಿತು. ಗೂಡು ತೆರೆದು ಹೊರಗೆ ತೆಗೆದೆ.

"ಸಿಕ್ಕಿಬಿತ್ತು ಅತ್ತೆ! ಬಲ್ಬೇ ಇರ್ಬೇಕು. ಬಾ, ತೋರಿಸ್ತೀನಿ."

ಅಡುಗೆಮನೆಯ ಮೇಜಿನ ಮೇಲೆ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿದೆ. ಅತ್ತೆ, ಟೈಲರಮ್ಮ, ನಾನು ಮೂವರೂ ಬಗ್ಗಿದೆವು. ಮಾವ ಒಲೆಯ ಹತ್ತಿರ ಚಹಾ ಮಾಡುತ್ತಿದ್ದರು. ಪರದೆಯ ಮೇಲೆ ಒಂದು ಕ್ಷಣ ಬಲ್ಬಿನ ಬೆಳಕು, ಮುಚ್ಚಳ ಹಾಕಿದ ಸದ್ದು, ಆಮೇಲೆ ಗಾಢ ಕತ್ತಲು. ಬಲ್ಬು ಆರಿತ್ತು. ನನ್ನ ಮುಖವೂ ಆರಿತು. ಕತ್ತಲನ್ನೇ ಓಡಿಸಿ ಓಡಿಸಿ ನೋಡಿದೆ, ಎಲ್ಲೂ ಮಿಣುಕೂ ಇರಲಿಲ್ಲ. ಇನ್ನು ನಿಲ್ಲಿಸಬೇಕು, ಅಷ್ಟರಲ್ಲಿ ಕತ್ತಲೊಳಗಿಂದ ಕಾರಿನ ಬಾಗಿಲು ತೆರೆದ ಸದ್ದು ಬಂತು. ಸೀಟು ಕಿರ್ರೆಂದಿತು. ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು.

"ಹಾಲು ಮುಗಿದಿದೆ, ತರ್ತೀನಿ" ಎಂದರು ಮಾವ.

"ಹಾಲಿದೆ. ಕೂತ್ಕೊಳ್ಳಿ" ಎಂದಳು ಅತ್ತೆ, ಪರದೆಯಿಂದ ಕಣ್ಣು ತೆಗೆಯದೆ.

ಕೀ ತಿರುಗಿತು. ಟಿಕ್ ಟಿಕ್ ಟಿಕ್ ಎಂದು ಇಂಡಿಕೇಟರ್ ಬಡಿಯತೊಡಗಿತು. ಒಣ ಗಾಜಿನ ಮೇಲೆ ವೈಪರ್ ಗರಕ್ ಗರಕ್ ಎಂದು ಓಡಾಡಿತು. ಆಮೇಲೆ ಒಂದು ಗಂಡುಧ್ವನಿ ಛಾವಣಿ ಹಾರಿಹೋಗುವ ಹಾಗೆ ಗುಡುಗಿತು.

"ಕನ್ನಡಿ ನೋಡಿದ್ರಾ? ಯಾವ ಕನ್ನಡಿ? ನಿಮ್ಮ ಮುಖ ನೋಡ್ಕೊಳ್ಳೋಕಲ್ಲ ರೀ ಅದಿರೋದು! ಹಿಂದೆ ಲಾರಿ ಬರ್ತಿದೆ, ಲಾರಿ!"

"ಸಾರಿ ಮೇಡಂ" ಎಂದಿತು ಅದೇ ಧ್ವನಿ, ಈ ಸಲ ಪಿಸುಗುಟ್ಟುತ್ತ.

"ಹೆಡ್‌ಲೈಟ್ ಹಾಕಿ! ಹಾಕಿದ್ರಾ? ಗೋಡೆ ಕಾಣ್ತಾ? ಅದು ಗೋಡೆ ಅಲ್ಲ, ರಸ್ತೆ! ಹೂಂ, ಹೊರಡಿ!"

"ಡುರ್ರ್ರ್ರ್" ಎಂದಿತು ಧ್ವನಿ. ಇಂಜಿನ್ ಸದ್ದು ಬಾಯಲ್ಲೇ ಬರುತ್ತಿತ್ತು. ಗೇರು ಬದಲಾಯಿಸಿದ ಕಟಕ್ ಮಾತ್ರ ನಿಜವಾದದ್ದು. "ಡುರ್ರ್... ಡುರ್ರ್... ಪುಸ್."

"ಆಫ್ ಮಾಡಿದ್ರಾ? ಕಾಲು ನಿಮ್ದೋ, ಬಾಡಿಗೆಗೆ ತಂದಿದ್ದೋ?"

"ನಂದೇ ಮೇಡಂ."

ಟೈಲರಮ್ಮ ಅತ್ತೆಯ ಮುಖವನ್ನೂ ಮಾವನ ಮುಖವನ್ನೂ ಸರದಿಯಲ್ಲಿ ನೋಡಿದರು. "ಮೇಡಂ, ಥೇಟ್ ನೀವೇ!" ಎಂದು ಬಾಯಿ ಮುಚ್ಚಿಕೊಂಡರು. ನನಗೆ ಹೊಟ್ಟೆ ಹಿಡಿದುಕೊಂಡು ನಗಬೇಕೆನಿಸಿತ್ತು. ಮಾವ ಒಲೆಯ ಕಡೆ ತಿರುಗಿ ನಿಂತಿದ್ದರು, ಕಿವಿಗಳೆರಡೂ ಕೆಂಪಾಗಿದ್ದವು. ಚಹಾ ಉಕ್ಕಿ ಹೋಗುತ್ತಿದ್ದರೂ ಅವರು ಕೈ ಹಾಕಲಿಲ್ಲ.

ಫೋನಿನಲ್ಲಿ ಪಾಠ ನಡೆದೇ ಇತ್ತು. ಏರು ಬಂತು, ತಿರುವು ಬಂತು, ಎದುರಿಗೆ ಅಡ್ಡಬಂದ ಎಮ್ಮೆಗೆ ಬೈದದ್ದಾಯಿತು. ಮೇಡಂ ಗುಡುಗಿದಳು, ವಿದ್ಯಾರ್ಥಿ ಕ್ಷಮೆ ಕೇಳಿದ. ಆಮೇಲೆ ಎಲ್ಲ ನಿಂತು ಇಂಡಿಕೇಟರಿನ ಟಿಕ್ ಟಿಕ್ ಮಾತ್ರ ಉಳಿಯಿತು. ಮತ್ತೆ ಧ್ವನಿ ಬಂದಾಗ ಅದು ಮಾವನದೇ ಪಿಸುಮಾತಾಗಿತ್ತು.

"ಸರಿ. ಈಗ ಆಸ್ಪತ್ರೆಯಿಂದ ಮನೆಗೆ. ನೀನು ಹಿಂದೆ ಕೂತ್ಕೋ. ಮುಂದೆ ಬೇಡ ಕಣೇ, ಹಿಂದೆ. ಕಾಲು ಚಾಚ್ಕೋ, ಡಾಕ್ಟ್ರು ಮಡಚಬಾರ್ದು ಅಂದಿದ್ದಾರೆ. ಗುಂಡಿ ಬಂದ್ರೆ ಮೊದ್ಲೇ ಹೇಳ್ತೀನಿ. ಕಂಬಾನ ನಾನು ನೋಡ್ಕೋತೀನಿ, ನೀನು ಕಣ್ಮುಚ್ಕೊಂಡು ಮಲ್ಕೋ."

"ಡುರ್ರ್ರ್ರ್" ಎಂದಿತು ಧ್ವನಿ, ಬಹಳ ಮೆತ್ತಗೆ.

ನನಗೆ ನಗುವೂ ಅಳುವೂ ಒಟ್ಟಿಗೇ ಬಂದು ಕೆಮ್ಮು ಹತ್ತಿತು. ಟೈಲರಮ್ಮ ಅಳತೆಯ ಟೇಪಿನ ತುದಿಯಿಂದ ಕಣ್ಣೊರೆಸಿಕೊಂಡರು. ಅತ್ತೆ ಒಲೆ ಆರಿಸಿ, ಫೋನ್ ನಿಲ್ಲಿಸಿದಳು.

"ಎಷ್ಟು ದಿನದಿಂದ ಇದು?"

"ಡಾಕ್ಟ್ರ ಹತ್ತಿರ ಹೋಗಿ ಬಂದಾಗಿನಿಂದ" ಎಂದರು ಮಾವ. "ಆದ್ರೆ ಒಂದ್ಸಲಾನೂ ಇಂಜಿನ್ ಸ್ಟಾರ್ಟ್ ಮಾಡಿಲ್ಲ. ಆಣೆ ಮಾಡಿ ಹೇಳ್ತೀನಿ. ಪೆಟ್ರೋಲು ಒಂದು ತೊಟ್ಟೂ ಖರ್ಚಾಗಿಲ್ಲ."

"ಹೆಡ್‌ಲೈಟ್ ಹಾಕಿದ್ರಲ್ಲ ಮಾವ" ಎಂದೆ ನಾನು.

"ಹಾಕಿದ್ರೆ? ಕಾರು ನಿಂತೇ ಇತ್ತಲ್ಲಮ್ಮ. ನಿಂತ ಕಾರಿಗೆ ಖರ್ಚೆಲ್ಲಿಂದ ಬಂತು?"

ಇಡೀ ಮನೆಯ ಫ್ಯಾನು ಆರಿಸುತ್ತ ತಿರುಗುವ ಮನುಷ್ಯ ಇವರು. ಕಾರಿನ ದೀಪಕ್ಕೂ ಕರೆಂಟು ಬೇಕು ಎಂಬುದು ಹೊಳೆದೇ ಇರಲಿಲ್ಲ. ಇಂಜಿನ್ ಓಡುತ್ತಿದ್ದರೆ ಬ್ಯಾಟರಿ ತುಂಬುತ್ತದೆ, ಇಂಜಿನ್ ನಿಲ್ಲಿಸಿ ದೀಪ, ವೈಪರ್ ಎಲ್ಲ ಹಾಕಿ ಕುಳಿತರೆ ಬರೀ ಖಾಲಿಯಾಗುತ್ತದೆ ಎಂದು ನಾನು ಬಿಡಿಸಿ ಹೇಳಿದೆ. ಕೇಳುತ್ತ ಕೇಳುತ್ತ ಮಾವನ ಮುಖ ಬಿಳಿಚಿಕೊಂಡಿತು. ಅವರು ಕುರ್ಚಿ ಎಳೆದುಕೊಂಡು ಕುಳಿತರು.

"ಹಾಗಾದ್ರೆ ಇಲಿ..."

"ಇಲಿ ನೀವೇ ಕಣ್ರೀ" ಎಂದಳು ಅತ್ತೆ.

"ನಿನ್ನ ಸ್ಕೂಲು ಮುಚ್ಚೋ ಹಾಗಾಗಿದ್ದು... ನನ್ನಿಂದಾನಾ?"

ಅತ್ತೆ ಫೋನನ್ನು ನನ್ನತ್ತ ತಳ್ಳಿ, ಆ ಏರಿನ ಪಾಠವನ್ನು ಇನ್ನೊಮ್ಮೆ ಹಾಕು ಎಂದಳು. ಹಾಕಿದೆ. ಅವಳು ಕಣ್ಣು ಮುಚ್ಚಿಕೊಂಡು, ತಲೆ ಓರೆ ಮಾಡಿ ಕೇಳಿದಳು. ಗೇರು ಕಟಕ್ ಎಂದಾಗ ಕಣ್ಣು ಬಿಟ್ಟಳು.

"ಎರಡನೇ ಗೇರಿಗೆ ಹಾಕೋವಾಗ ಕ್ಲಚ್ ಪೂರ್ತಿ ಒತ್ತಲ್ಲ ನೀವು. ಸದ್ದಲ್ಲೇ ಗೊತ್ತಾಗುತ್ತೆ. ಲೈಸೆನ್ಸ್ ಅರ್ಜಿ ಏನಾದ್ರೂ ಹಾಕಿದ್ದೀರಾ, ಇಲ್ಲ ಶೆಡ್ಡಲ್ಲೇ ಓಡಿಸ್ಕೊಂಡು ಇರೋ ಯೋಚನೇನಾ?"

ಮಾವ ಅಂಗಿಯ ಜೇಬಿನಿಂದ ಕಲಿಯುವವರ ಲೈಸೆನ್ಸ್ ತೆಗೆದು ಮೇಜಿನ ಮೇಲಿಟ್ಟರು. ಫೋಟೋದಲ್ಲೂ ಹೆದರಿಕೊಂಡೇ ಇದ್ದರು. ಮೂವತ್ತು ವರ್ಷ ಆ ಗೋಡೆಯ ಹಾಳೆಯ ಮುಂದೆ ಕುಳಿತವರಿಗೆ ರಸ್ತೆ ಚಿಹ್ನೆಗಳ ಪರೀಕ್ಷೆ ಒಂದು ಲೆಕ್ಕವೇ ಆಗಿರಲಿಲ್ಲ.

"ನಾನು ಅಂಗಡಿಗೆ ಹೋಗಿ ಚಾರ್ಜರ್ ತರ್ತೀನಿ ಅತ್ತೆ" ಎಂದೆ. "ಬೆಳಗಾಗೋದ್ರ ಒಳಗೆ ತುಂಬುತ್ತೆ. ನಾಳೆ ಟೆಸ್ಟಿಗೆ ಏನೂ ತೊಂದ್ರೆ ಇಲ್ಲ."

"ಬೇಡ. ಓಡಿಸಿದ್ರೆ ತುಂಬುತ್ತೆ ಅಂದೆಯಲ್ಲ?"

"ತುಂಬುತ್ತೆ. ಆದ್ರೆ ಒಂದೇ ಸಮ ಓಡಿಸ್ಬೇಕು. ಮಧ್ಯದಲ್ಲಿ ಎಲ್ಲಾದ್ರೂ ಆಫ್ ಆದ್ರೆ ಮತ್ತೆ ಏಳಲ್ಲ."

"ಖಾಲಿ ಮಾಡಿದವರೇ ತುಂಬಿಸ್ಲಿ" ಎಂದು ಅತ್ತೆ ಮೇಜು ಹಿಡಿದು ಎದ್ದಳು. "ಏಳ್ರೀ."

ಮಾವ ಎದ್ದರು. ಹೊರಡುವಾಗ ಅಡುಗೆಮನೆಯ ದೀಪ ಆರಿಸಿದರು.

ಶೆಡ್ಡಿನಿಂದ ಗೇಟಿನವರೆಗೆ ನೆಲ ಸ್ವಲ್ಪ ಇಳಿಜಾರು. ಮಾವ ಸ್ಟೀರಿಂಗ್ ಹಿಡಿದು ಕುಳಿತರು, ಪಕ್ಕದಲ್ಲಿ ಅತ್ತೆ. ಟೈಲರಮ್ಮನೂ ನಾನೂ ಹಿಂದಿನಿಂದ ತಳ್ಳಲು ನಿಂತೆವು. ಕಿಟಕಿಯಿಂದ ಅತ್ತೆಯ ಪಾಠ ಕೇಳಿಸುತ್ತಿತ್ತು.

"ಕೀ ಆನ್. ಎರಡನೇ ಗೇರ್. ಕ್ಲಚ್ ಒತ್ತಿ ಹಿಡೀರಿ. ಅವರು ತಳ್ತಾರೆ. ನಾನು ಬಿಡಿ ಅಂದ ತಕ್ಷಣ ದಿಢೀರ್ ಅಂತ ಬಿಡ್ಬೇಕು."

"ದಿಢೀರ್ ಅಂತ ಬಿಡಬಾರ್ದು ಅಲ್ವಾ?" ಎಂದರು ಮಾವ.

"ತಳ್ಳಿ ಸ್ಟಾರ್ಟ್ ಮಾಡೋವಾಗ ಹಾಗೇ ಬಿಡ್ಬೇಕು ರೀ. ನೀವು ಅವತ್ತು ಬಿಟ್ರಲ್ಲ, ಹಾಗೆ."

ನಾವು ತಳ್ಳಿದೆವು. ಟೈಲರಮ್ಮನ ಕಾಲಿನ ಬಲ ಕೊನೆಗೂ ಸರಿಯಾದ ಕೆಲಸಕ್ಕೆ ಬಂತು. ಕಾರು ಉರುಳಿತು, ಜೋರಾಯಿತು, ವಾಲಿದ ಹಳದಿ ಕಂಬ ಎದುರಿಗೇ ದೊಡ್ಡದಾಗುತ್ತ ಬಂತು. ನಾನು ಕಣ್ಣು ಮುಚ್ಚಿಕೊಂಡೆ.

"ಬಿಡಿ!"

ಮಾವ ಬಿಟ್ಟರು. ಕಾರು ಒಮ್ಮೆ ನೆಗೆಯಿತು, ಕೆಮ್ಮಿತು, ಇಂಜಿನ್ ಹೊತ್ತಿಕೊಂಡಿತು. ಕಣ್ಣು ಬಿಟ್ಟಾಗ ಪಕ್ಕದ ಕನ್ನಡಿ ಕಂಬಕ್ಕೆ ತಾಗಿ ಮಡಚಿಕೊಂಡಿತ್ತು, ಕಾರು ಗೇಟು ದಾಟಿ ಬೀದಿಯಲ್ಲಿತ್ತು. "ಕನ್ನಡಿ! ಕನ್ನಡಿ ಬಿಡಿಸ್ಕೊಳ್ಳಿ! ಆಕ್ಸಿಲರೇಟರ್ ಬಿಡಬೇಡಿ!" ಎಂಬ ಕೂಗು ತಿರುವು ದಾಟಿದ ಮೇಲೂ ಕೇಳಿಸಿತು. ಎದುರುಮನೆಯವರು ಕಿಟಕಿ ಮುಚ್ಚಿಕೊಂಡರು.

ಟೈಲರಮ್ಮನೂ ನಾನೂ ಮೆಟ್ಟಿಲ ಮೇಲೆ ಕುಳಿತು, ಉಕ್ಕಿ ಉಳಿದಿದ್ದ ಚಹಾ ಕುಡಿದೆವು. ಬಿಸಿಲು ಇಳಿಯಿತು. ಕಾರು ಬರಲಿಲ್ಲ. ಯಾವುದೋ ಚೌಕದ ನಡುವೆ ಆಫ್ ಆಗಿ ನಿಂತಿರಬಹುದು, ಅತ್ತೆ ಮಂಡಿ ಹಿಡಿದುಕೊಂಡು ತಳ್ಳುತ್ತಿರಬಹುದು ಎಂದೆಲ್ಲ ತಲೆಗೆ ಬಂತು. ಚಾರ್ಜರ್ ತರುತ್ತೇನೆಂದು ಹಠ ಮಾಡದ ನನ್ನನ್ನು ನಾನೇ ಶಪಿಸಿಕೊಂಡೆ. "ನಾಳೆ ನಾನು ಪಾಸಾಗ್ತೀನಾ?" ಎಂದು ಟೈಲರಮ್ಮ ಕೇಳಿದರು. "ಕಾರು ಬಂದ್ರೆ ಆಗ್ತೀರಿ" ಎಂದೆ.

ಬೀದಿದೀಪ ಹತ್ತುವ ಹೊತ್ತಿಗೆ ತಿರುವಿನಲ್ಲಿ ಹಳದಿ ಕಾರು ಕಾಣಿಸಿತು. ಆಮೆಗೂ ನಾಚಿಕೆಯಾಗುವಷ್ಟು ನಿಧಾನವಾಗಿ ಬರುತ್ತಿತ್ತು. ಇಂಡಿಕೇಟರ್ ಮಿನುಗುತ್ತಿತ್ತು. ಮಾವ ಸ್ಟೀರಿಂಗನ್ನು ಎದೆಗವಚಿಕೊಂಡು ಕುಳಿತಿದ್ದರು. ಪಕ್ಕದ ಸೀಟು ಖಾಲಿ ಇತ್ತು.

ಅತ್ತೆ ಕಲಿಯುವವರ ಕೈಗೆ ಕಾರು ಬಿಟ್ಟು ಪಕ್ಕದ ಸೀಟಿನಿಂದ ಎದ್ದದ್ದನ್ನು ನಾನು ಕಂಡೇ ಇಲ್ಲ. ಈ ಗೇಟಿನೊಳಗೆ ಕಾರು ತರುವಾಗಲಂತೂ ಯಾರನ್ನೂ ನಂಬದೆ ತಾನೇ ಸ್ಟೀರಿಂಗಿಗೆ ಬರುತ್ತಿದ್ದವಳು. ಲೋಟ ಅಲ್ಲೇ ಬಿಟ್ಟು ಓಡಿದೆ.

ಕಾರು ಕಂಬದ ಹತ್ತಿರ ಬಂತು. ಒಂದು ಗೇಣು ಜಾಗ ಬಿಟ್ಟು, ಮುಟ್ಟದೆ, ತಟ್ಟದೆ, ಒಳಗೆ ಬಂದು ನಿಂತಿತು. ಇಂಜಿನ್ ಆಫ್ ಆಗಿರಲಿಲ್ಲ. ಮಾವನ ಅಂಗಿ ಬೆವರಿನಲ್ಲಿ ನೆನೆದು ಮೈಗೆ ಅಂಟಿತ್ತು. ನಾನು ಹಿಂದಿನ ಕಿಟಕಿಯಲ್ಲಿ ಬಗ್ಗಿ ನೋಡಿದೆ.

ಅತ್ತೆ ಹಿಂದಿನ ಸೀಟಿನಲ್ಲಿದ್ದಳು. ಬೆನ್ನನ್ನು ಒಂದು ಬಾಗಿಲಿಗೆ ಒರಗಿಸಿ, ಕಾಲನ್ನು ಸೀಟಿನುದ್ದಕ್ಕೂ ಚಾಚಿದ್ದಳು. ಚಪ್ಪಲಿ ಕಳಚಿ ಕೆಳಗಿಟ್ಟಿದ್ದಳು. ಒಂದು ಮಾತೂ ಆಡುತ್ತಿರಲಿಲ್ಲ.

ನಾನು ಬಾನೆಟ್ ಎತ್ತಿ ಬ್ಯಾಟರಿಗೆ ಮೀಟರ್ ಹಚ್ಚಿದೆ. ಸುಮ್ಮನೆ ಹೇಳುತ್ತಿಲ್ಲ, ಚೆನ್ನಾಗಿ ತುಂಬಿತ್ತು. ಬೆಳಿಗ್ಗೆ ಒಂದೇ ಕೀಗೆ ಎದ್ದು ನಿಲ್ಲುವಷ್ಟು, ಟೈಲರಮ್ಮ ಹತ್ತು ಸಲ ಆಫ್ ಮಾಡಿದರೂ ತಡೆಯುವಷ್ಟು ತುಂಬಿತ್ತು.

"ಆರಿಸ್ಲಾ?" ಎಂದು ಮಾವ ಕೀಯ ಮೇಲೆ ಕೈಯಿಟ್ಟು ಕೇಳಿದರು.

"ತಡೀರಿ" ಎಂದಳು ಅತ್ತೆ ಒಳಗಿನಿಂದ. "ಏನಂತೇ ನಿನ್ನ ಮೀಟರು? ತುಂಬಿತಾ?"

ನಾನು ಮೀಟರ್ ನೋಡಿದೆ. ಸೀಟಿನ ಮೇಲೆ ಚಾಚಿದ್ದ ಕಾಲನ್ನೂ ನೋಡಿದೆ.

"ಇಲ್ಲ ಅತ್ತೆ, ಇನ್ನೊಂದು ಸುತ್ತು ಬೇಕು" ಎಂದು ಬಾನೆಟ್ ಹಾಕಿದೆ.

"ಕೇಳಿಸ್ತೇನ್ರೀ?" ಎಂದು ಅತ್ತೆ ಕಣ್ಣು ಮುಚ್ಚಿಕೊಂಡಳು. "ಕನ್ನಡಿ ನೋಡ್ಕೊಂಡು ಹೊರಡಿ."